ಝೋನ್ ಆಚೆಯ ಸರ್ಕಾರಿ ಹೈಸ್ಕೂಲಿಗೆ ಮಗುವನ್ನು ಸೇರಿಸುವುದು: ಬೇ ಏರಿಯಾದ ಕನ್ನಡ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಾವು ಓದುವಾಗ ಶಾಲೆ ಬದಲಾಯಿಸುವುದು ಅಂದರೆ ಒಂದೇ ಕೆಲಸ. ಅಪ್ಪ ಹೆಡ್‌ಮಾಸ್ಟರ ಹತ್ತಿರ ಹೋಗಿ ಟಿ.ಸಿ. ತರುತ್ತಿದ್ದರು. ಅದನ್ನು ಹೊಸ ಶಾಲೆಯಲ್ಲಿ ಕೊಟ್ಟರೆ ಮುಗಿಯಿತು. ಅದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ನಾನು ಕ್ಯಾಲಿಫೋರ್ನಿಯಾದಲ್ಲಿ ಮಗಳನ್ನು ಪಕ್ಕದ ಸ್ಕೂಲ್ ಡಿಸ್ಟ್ರಿಕ್ಟಿನ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಹೈಸ್ಕೂಲಿಗೆ ಸೇರಿಸಲು ಹೊರಟೆ. ಹೊಸ ಶಾಲೆಯವರು ಬೇಡ ಅನ್ನಬಹುದು ಎಂಬ ಅಳುಕು ಇತ್ತು. ಆದರೆ ಮೊದಲು ತಡೆದದ್ದು ನಮ್ಮದೇ ಡಿಸ್ಟ್ರಿಕ್ಟು. ಟಿ.ಸಿ. ಕೊಡಲ್ಲ ಅಂದ ಹಾಗೆ!

ಇಲ್ಲಿ ಎರಡು ಕಡೆಯಿಂದ ಒಪ್ಪಿಗೆ ಬೇಕು. ಮನೆ ಇರುವ ಡಿಸ್ಟ್ರಿಕ್ಟು ಬಿಡಬೇಕು, ಹೋಗುವ ಡಿಸ್ಟ್ರಿಕ್ಟು ತಗೊಳ್ಳಬೇಕು. ಇದು ಮೊದಲೇ ಗೊತ್ತಿದ್ದಿದ್ದರೆ ನನಗೆ ಒಂದು ವರ್ಷ ಉಳಿಯುತ್ತಿತ್ತು.

ಮೊದಲು: ನಿಮ್ಮ ಮನೆ ಯಾವ ಡಿಸ್ಟ್ರಿಕ್ಟಿನಲ್ಲಿದೆ?

ಊರಿನ ಹೆಸರು ನೋಡಿ ತೀರ್ಮಾನಿಸಬೇಡಿ. ಸ್ಯಾನ್ ಹೋಸೆ ಎಂಬ ಒಂದೇ ಊರಿನೊಳಗೆ ಎಷ್ಟೋ ಡಿಸ್ಟ್ರಿಕ್ಟುಗಳಿವೆ. ಎವರ್‌ಗ್ರೀನ್ ಕಡೆಯ ಮಕ್ಕಳು ಹೈಸ್ಕೂಲಿಗೆ ಈಸ್ಟ್ ಸೈಡ್ ಯೂನಿಯನ್ ಡಿಸ್ಟ್ರಿಕ್ಟಿಗೆ ಹೋಗುತ್ತಾರೆ. ಪಶ್ಚಿಮದ ಅಂಚಿನಲ್ಲಿರುವವರು ಫ್ರೀಮಾಂಟ್ ಯೂನಿಯನ್ ಡಿಸ್ಟ್ರಿಕ್ಟಿನ ಲಿನ್‌ಬ್ರೂಕ್‌ಗೆ ಹೋಗಬಹುದು. ಲಿನ್‌ಬ್ರೂಕ್ ಇರುವುದೂ ಸ್ಯಾನ್ ಹೋಸೆಯಲ್ಲೇ.

ಇನ್ನೊಂದು ತಮಾಷೆ. ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟಿಗೂ ಫ್ರೀಮಾಂಟ್ ಊರಿಗೂ ಸಂಬಂಧವೇ ಇಲ್ಲ. ಅದು ಸನ್ನಿವೇಲ್, ಕುಪರ್ಟಿನೊ ಕಡೆಯದು. ಫ್ರೀಮಾಂಟ್ ಹೈಸ್ಕೂಲ್ ಕೂಡ ಸನ್ನಿವೇಲ್‌ನಲ್ಲಿದೆ. ಫ್ರೀಮಾಂಟ್ ಊರಿನ ಮಿಷನ್ ಸ್ಯಾನ್ ಹೋಸೆ, ಅರ್ವಿಂಗ್ಟನ್, ಅಮೆರಿಕನ್ ಹೈಸ್ಕೂಲುಗಳು ಫ್ರೀಮಾಂಟ್ ಯುನಿಫೈಡ್ ಎಂಬ ಬೇರೆ ಡಿಸ್ಟ್ರಿಕ್ಟಿನವು. ಈ ಎರಡು ಹೆಸರುಗಳ ನಡುವೆ ಸಿಕ್ಕಿ ತಪ್ಪು ಆಫೀಸಿಗೆ ಅರ್ಜಿ ಕಳಿಸುವುದು ಸುಲಭ.

ಹೆಚ್ಚಿನ ಡಿಸ್ಟ್ರಿಕ್ಟುಗಳ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ಶಾಲೆ ಹುಡುಕುವ ಪುಟ ಇರುತ್ತದೆ. ಅಲ್ಲಿ ಬೀದಿ, ಮನೆ ನಂಬರು ಹಾಕಿ ನೋಡಿ. ಬಾಡಿಗೆ ಮನೆಯವರು ಮನೆ ತೋರಿಸುವ ಏಜೆಂಟರ ಮಾತನ್ನು ನಂಬಿ ಕೂರಬೇಡಿ. ಡಿಸ್ಟ್ರಿಕ್ಟಿಗೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಹಾಗೇ ನಿಮ್ಮದು ಯಾವ ಬಗೆಯ ಡಿಸ್ಟ್ರಿಕ್ಟು ಎಂದೂ ತಿಳಿದುಕೊಳ್ಳಿ. ‘ಯುನಿಫೈಡ್’ ಅಂದರೆ ಕಿಂಡರ್‌ಗಾರ್ಟನ್‌ನಿಂದ 12ರವರೆಗೆ ಒಂದೇ ಆಡಳಿತ. ಕೆಲವು ಕಡೆ 8ನೇ ತರಗತಿವರೆಗೆ ಒಂದು, 9ರಿಂದ 12ಕ್ಕೆ ಇನ್ನೊಂದು. ಕುಪರ್ಟಿನೊದಲ್ಲಿ ಹೀಗೇ ಇದೆ. ಇದು ಯಾಕೆ ಮುಖ್ಯ? ಮಿಡಲ್ ಸ್ಕೂಲಿಗೆ ನೀವು ಪಡೆದಿದ್ದ ಪರ್ಮಿಟ್, ಅಂದರೆ ಹೊರಗಿನವರಾಗಿ ಓದಲು ಕೊಡುವ ಅನುಮತಿ, ಹೈಸ್ಕೂಲ್ ಡಿಸ್ಟ್ರಿಕ್ಟಿಗೆ ನಡೆಯುವುದಿಲ್ಲ. ‘ಮೂರು ವರ್ಷದಿಂದ ಇಲ್ಲೇ ಓದ್ತಿದ್ದಾನಲ್ಲ’ ಎಂದರೆ ಅವರು ಕೇಳುವುದಿಲ್ಲ. ಅಲ್ಲಿ ನೀವು ಹೊಸಬರು.

ದಾರಿ ಯಾವುದು?

ನಿಮ್ಮ ಡಿಸ್ಟ್ರಿಕ್ಟಿನೊಳಗೇ ಬೇರೆ ಹೈಸ್ಕೂಲ್ ಬೇಕಾದರೆ ಅದು ಒಳಗಿನ ವರ್ಗಾವಣೆ, ‘ಇಂಟ್ರಾಡಿಸ್ಟ್ರಿಕ್ಟ್’. ಇದು ಸರಳ. ಒಂದೇ ಆಫೀಸು, ಒಂದೇ ಅರ್ಜಿ. ರಾಜ್ಯದ ಶಿಕ್ಷಣ ಕಾನೂನಿನ 35160.5ನೇ ಸೆಕ್ಷನ್ ಪ್ರಕಾರ ಪ್ರತಿ ಡಿಸ್ಟ್ರಿಕ್ಟಿಗೂ ಇದಕ್ಕೊಂದು ನೀತಿ ಇರಬೇಕು. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತಬೇಕು. ವಿಶೇಷ ಪ್ರವೇಶ ಪರೀಕ್ಷೆಯ ಶಾಲೆಗಳನ್ನು ಬಿಟ್ಟರೆ ಮಗುವಿನ ಅಂಕ ನೋಡಿ ಆರಿಸುವ ಹಾಗಿಲ್ಲ. ಹಾಗಾಗಿ ನಿಮ್ಮ ಮಗ ಗಣಿತದಲ್ಲಿ ಎಷ್ಟೇ ಚುರುಕಾಗಿರಲಿ, ಇಲ್ಲಿ ಅದು ಲೆಕ್ಕಕ್ಕಿಲ್ಲ. ಝೋನಿನೊಳಗಿನ, ಅಂದರೆ ಆ ಶಾಲೆಗೆ ಗೊತ್ತುಮಾಡಿದ ಪ್ರದೇಶದ, ಮಕ್ಕಳನ್ನು ಎಬ್ಬಿಸಿ ಹೊರಗಿನವರಿಗೆ ಜಾಗ ಕೊಡುವಂತೆಯೂ ಇಲ್ಲ.

ಬೇರೆ ಡಿಸ್ಟ್ರಿಕ್ಟಿನ ಶಾಲೆ ಬೇಕಾದರೆ ‘ಇಂಟರ್‌ಡಿಸ್ಟ್ರಿಕ್ಟ್’ ಪರ್ಮಿಟ್. ಕಾನೂನಿನ 46600ನೇ ಸೆಕ್ಷನ್. ಒದ್ದಾಟವೆಲ್ಲ ಇಲ್ಲೇ ಇರುವುದರಿಂದ ಮುಂದಿನ ಮಾತು ಹೆಚ್ಚಾಗಿ ಇದರ ಬಗ್ಗೆಯೇ.

ಇನ್ನು ಮೂರು ಸಣ್ಣ ದಾರಿಗಳಿವೆ. ಅಪ್ಪ ಅಥವಾ ಅಮ್ಮ ಶಾಲೆಯ ವಾರದಲ್ಲಿ ಕನಿಷ್ಠ 10 ಗಂಟೆ ಆ ಡಿಸ್ಟ್ರಿಕ್ಟಿನ ಗಡಿಯೊಳಗೆ ಕೆಲಸ ಮಾಡುತ್ತಿದ್ದರೆ, ಡಿಸ್ಟ್ರಿಕ್ಟು ಮನಸ್ಸು ಮಾಡಿದರೆ ಮಗುವನ್ನು ಅಲ್ಲಿನ ನಿವಾಸಿ ಎಂದು ಪರಿಗಣಿಸಬಹುದು. ಇದನ್ನು ‘ಆಲೆನ್ ಬಿಲ್’ ಅನ್ನುತ್ತಾರೆ. ಗಮನಿಸಿ, ‘ಪರಿಗಣಿಸಬಹುದು’ ಅಷ್ಟೇ, ‘ಪರಿಗಣಿಸಬೇಕು’ ಅಲ್ಲ. ಎರಡನೆಯದು ‘ಡಿಸ್ಟ್ರಿಕ್ಟ್ ಆಫ್ ಚಾಯ್ಸ್’, ಅಂದರೆ ಹೊರಗಿನ ಮಕ್ಕಳನ್ನು ತಾವಾಗಿಯೇ ಕರೆಯುವ ಕೆಲವೇ ಡಿಸ್ಟ್ರಿಕ್ಟುಗಳು. ಮೂರನೆಯದು ಚಾರ್ಟರ್ ಶಾಲೆ, ಅಂದರೆ ಸರ್ಕಾರಿ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆ. ಅದಕ್ಕೆ ಝೋನಿನ ಕಟ್ಟು ಇಲ್ಲ. ಸೀಟು ಕಡಿಮೆ ಬಿದ್ದರೆ ಅಲ್ಲೂ ಲಾಟರಿ.

ನಿಜವಾಗಿಯೂ ಬೇಕಾ?

ಈ ಪ್ರಶ್ನೆ ಕೇಳಿದರೆ ನಮ್ಮವರಿಗೆ ಸಿಟ್ಟು ಬರುತ್ತದೆ. ಯುಗಾದಿ ಊಟಕ್ಕೆ ಸೇರಿದಾಗ ಹೋಳಿಗೆ ಬಡಿಸುವುದರೊಳಗೆ ಯಾವ ಶಾಲೆಗೆ ಎಷ್ಟು ರೇಟಿಂಗ್ ಎಂಬ ಚರ್ಚೆ ಶುರುವಾಗಿರುತ್ತದೆ. 10ಕ್ಕೆ 10 ಇರುವ ಶಾಲೆ ಅಂದರೆ ಮುಗಿಯಿತು. ಆದರೂ ಅರ್ಜಿ ಹಾಕುವ ಮುಂಚೆ ಎರಡು ಲೆಕ್ಕ ನೋಡಿ.

ಒಂದು, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಬೇಕಾಗುವುದು ‘ಎ-ಜಿ’ ಪಟ್ಟಿಯ 15 ಕೋರ್ಸುಗಳು. ಅದರಲ್ಲಿ 11 ಕೋರ್ಸು 12ನೇ ತರಗತಿಗೆ ಮುಂಚೆ ಮುಗಿದಿರಬೇಕು. ನಿಮ್ಮ ಈಗಿನ ಶಾಲೆಯಲ್ಲಿ ಏನೇನಿದೆ ಎಂದು ಆ ಪಟ್ಟಿಯಲ್ಲಿ ನೋಡಿ. ಎಷ್ಟೋ ಸಲ ‘ನಮ್ಮ ಶಾಲೆಯಲ್ಲಿ ಏನೂ ಇಲ್ಲ’ ಅನ್ನುವುದು ಬರೀ ಬಾಯಿಮಾತು.

ಎರಡು, ಅದೇ ಯೂನಿವರ್ಸಿಟಿಗೆ ಇನ್ನೊಂದು ಯೋಜನೆ ಇದೆ. ನಿಮ್ಮ ಮಗು ತನ್ನದೇ ಹೈಸ್ಕೂಲಿನ ಮೇಲಿನ ಶೇಕಡಾ 9ರೊಳಗೆ ಬಂದರೆ, ಕೇಳಿದ ಕ್ಯಾಂಪಸ್ ಸಿಗದಿದ್ದರೂ ಜಾಗವಿರುವ ಇನ್ನೊಂದು ಕ್ಯಾಂಪಸ್ಸಿನಲ್ಲಿ ಸೀಟು ಸಿಗುತ್ತದೆ. ಇಡೀ ರಾಜ್ಯದ ಜೊತೆ ಅಲ್ಲ, ತನ್ನ ಶಾಲೆಯವರ ಜೊತೆ ಹೋಲಿಕೆ. ಎಲ್ಲರೂ ಓಡುವ ಶಾಲೆಯಲ್ಲಿ ಆ 9ರೊಳಗೆ ಬರುವುದು ಎಷ್ಟು ಕಷ್ಟ ಅಂತ ಯೋಚಿಸಿ. ಮನೆ ಹತ್ತಿರದ ಸಾಧಾರಣ ಶಾಲೆಯಲ್ಲಿ ಮುಂದಿರುವ ಹುಡುಗಿಯನ್ನು ಒಯ್ದು ‘ದೊಡ್ಡ’ ಶಾಲೆಯ ನಡುವಿನಲ್ಲಿ ಕೂರಿಸುವುದು ಲಾಭವೋ ನಷ್ಟವೋ? ಬರೀ ರೇಟಿಂಗ್ ನೋಡಿ ಹೋಗುವುದಾದರೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮಗುವಿಗೆ ಈಗಿನ ಶಾಲೆಯಲ್ಲಿ ಹಿಂಸೆ ಆಗುತ್ತಿದೆ, ಅಕ್ಕ ಈಗಾಗಲೇ ಆ ಕಡೆಯ ಶಾಲೆಯಲ್ಲಿದ್ದಾಳೆ, ಬೇಕಾದ ಕೋರ್ಸು ಇಲ್ಲಿ ಇಲ್ಲವೇ ಇಲ್ಲ, ವರ್ಷದ ನಡುವೆ ಮನೆ ಬದಲಾಯಿತು. ಇವು ಬೇರೆ ಮಾತು. ಇವಕ್ಕೆ ಹೋರಾಡಿ.

ಅವರು ಯಾಕೆ ಬೇಡ ಅನ್ನುತ್ತಾರೆ

ಅರ್ಜಿ ಬರೆಯುವ ಮುಂಚೆ ಇದು ಅರ್ಥವಾಗಬೇಕು. ಕಾರಣ ದುಡ್ಡು.

ಹೆಚ್ಚಿನ ಡಿಸ್ಟ್ರಿಕ್ಟುಗಳಿಗೆ ರಾಜ್ಯದಿಂದ ಬರುವ ಹಣ ಮಕ್ಕಳ ಸರಾಸರಿ ಹಾಜರಿಯ ಮೇಲೆ ನಿಂತಿದೆ. ಒಂದು ಮಗು ಹೋದರೆ ಅಷ್ಟು ಹಣ ಹೋಯಿತು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಡಿಸ್ಟ್ರಿಕ್ಟು ಸುಲಭಕ್ಕೆ ‘ರಿಲೀಸ್’, ಅಂದರೆ ಬಿಟ್ಟುಕೊಡುವ ಒಪ್ಪಿಗೆ, ಕೊಡದೇ ಇರುವುದು ಅದಕ್ಕೇ.

ಆ ಕಡೆ ಇನ್ನೊಂದು ಕಥೆ. ಪಾಲೊ ಆಲ್ಟೊ, ಫ್ರೀಮಾಂಟ್ ಯೂನಿಯನ್, ಮೌಂಟನ್ ವ್ಯೂ–ಲಾಸ್ ಆಲ್ಟೋಸ್ ಮುಂತಾದ ಡಿಸ್ಟ್ರಿಕ್ಟುಗಳಲ್ಲಿ ಮನೆ-ಆಸ್ತಿ ತೆರಿಗೆಯೇ ರಾಜ್ಯದ ಲೆಕ್ಕಕ್ಕಿಂತ ಹೆಚ್ಚು. ಇವನ್ನು ‘ಬೇಸಿಕ್ ಏಡ್’ ಡಿಸ್ಟ್ರಿಕ್ಟು ಅನ್ನುತ್ತಾರೆ. ಇಲ್ಲಿ ಹೊರಗಿನ ಮಗು ಬಂದರೆ ಖರ್ಚು ಏರುತ್ತದೆ, ಆದಾಯ ಏರುವುದಿಲ್ಲ. ಊಟಕ್ಕೆ ಒಂದು ಎಲೆ ಜಾಸ್ತಿ, ಅಕ್ಕಿ ಮಾತ್ರ ಅಷ್ಟೇ. ಹಾಗಾಗಿ ನಮ್ಮವರು ಜಾಸ್ತಿ ಆಸೆಪಡುವ ಡಿಸ್ಟ್ರಿಕ್ಟುಗಳ ಬಾಗಿಲೇ ಜಾಸ್ತಿ ಬಿಗಿ. ಇದು ನಿಮ್ಮ ಮಗುವಿನ ಮೇಲಿನ ತೀರ್ಪು ಅಲ್ಲ, ಲೆಕ್ಕಪುಸ್ತಕದ ತೀರ್ಪು.

ನೀವು ಬರೆಯುವ ಕಾರಣ ಈ ಲೆಕ್ಕವನ್ನು ಮೀರುವಷ್ಟು ಗಟ್ಟಿಯಾಗಿರಬೇಕು. ‘ಆ ಶಾಲೆ ಚೆನ್ನಾಗಿದೆ’ ಎಂಬುದು ಇಲ್ಲಿ ಕಾರಣವೇ ಅಲ್ಲ. ಅದನ್ನು ಬರೆದರೆ ನಿಮ್ಮ ಡಿಸ್ಟ್ರಿಕ್ಟನ್ನು ನೀವೇ ಬೈದ ಹಾಗೂ ಆಗುತ್ತದೆ.

ಯಾವಾಗ ಅರ್ಜಿ?

ಶಾಲೆ ಶುರುವಾಗುವುದು ಆಗಸ್ಟಿನಲ್ಲಿ. ತಯಾರಿ ಅದಕ್ಕೆ ಹಿಂದಿನ ಚಳಿಗಾಲದಲ್ಲೇ ಶುರುವಾಗಬೇಕು. ದೀಪಾವಳಿ ಮುಗಿದ ವಾರ ಎರಡೂ ಡಿಸ್ಟ್ರಿಕ್ಟುಗಳ ವೆಬ್‌ಸೈಟು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಪರ್ಮಿಟ್ ಕೊಡುವ ರೀತಿ, ದಿನಾಂಕಗಳು, ಅಪೀಲಿನ ದಾರಿ, ಇವನ್ನೆಲ್ಲ ವೆಬ್‌ಸೈಟಿನಲ್ಲಿ ಹಾಕಲೇಬೇಕು ಎಂದು ಕಾನೂನಿದೆ. ಒಳಗಿನ ವರ್ಗಾವಣೆಯ ಕಿಂಡಿ ಕೆಲವು ವಾರ ಮಾತ್ರ ತೆರೆದಿರುತ್ತದೆ. ತಪ್ಪಿದರೆ ಲಾಟರಿಯಲ್ಲಿ ನಿಮ್ಮ ಚೀಟಿಯೇ ಇರುವುದಿಲ್ಲ. ‘ಡಿಸ್ಟ್ರಿಕ್ಟ್ ಆಫ್ ಚಾಯ್ಸ್’ಗೆ ಹಿಂದಿನ ಜನವರಿ 1ರೊಳಗೆ ಹಾಕಬೇಕು.

ಉತ್ತರಕ್ಕೂ ಕಾನೂನಿನ ಗಡುವು ಇದೆ. ಮುಂದಿನ ವರ್ಷಕ್ಕೆ ಹಾಕಿದ ಅರ್ಜಿಗೆ, ಆ ವರ್ಷದ ತರಗತಿ ಶುರುವಾಗಿ 14 ದಿನದೊಳಗೆ ತೀರ್ಮಾನ ಹೇಳಬೇಕು. ಶಾಲೆ ಶುರುವಾಗಲು 15 ದಿನ ಇದ್ದಾಗಿನಿಂದ ಬಂದ ಅರ್ಜಿ ‘ಈ ವರ್ಷದ್ದು’. ಅದಕ್ಕೆ 30 ದಿನ. ಅಂದರೆ ಫೆಬ್ರವರಿಯಲ್ಲಿ ಹಾಕಿದವರಿಗೂ ಆಗಸ್ಟ್ ಕೊನೆಯಲ್ಲಿ ಉತ್ತರ ಬರಬಹುದು. ಆದ್ದರಿಂದ ಝೋನಿನ ಶಾಲೆಯಲ್ಲಿ ಹೆಸರು ನೋಂದಾಯಿಸಿ, ಕೋರ್ಸು ಆರಿಸಿ, ಆ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಿರಿ. ಈ ಕಡೆ ಕೈ ಬಿಟ್ಟು ಆ ಕಡೆ ಕೈ ಚಾಚಬೇಡಿ.

ಕಾಗದ ಪತ್ರ

ಫೈಲ್ ಒಂದನ್ನು ಮಾಡಿ. ವಿಳಾಸದ ಪುರಾವೆಗೆ ಬಾಡಿಗೆ ಕರಾರು ಅಥವಾ ಆಸ್ತಿ ತೆರಿಗೆ ರಸೀದಿ, ವಿದ್ಯುತ್ ಅಥವಾ ನೀರಿನ ಬಿಲ್ಲು, ಸಂಬಳದ ಚೀಟಿ. ಮಗುವಿನ ಟ್ರಾನ್ಸ್‌ಕ್ರಿಪ್ಟ್ (ಕೋರ್ಸು, ಗ್ರೇಡುಗಳ ಅಧಿಕೃತ ಪಟ್ಟಿ), ಹಾಜರಿ ಪಟ್ಟಿ, ಲಸಿಕೆ ದಾಖಲೆ. ವಿಶೇಷ ಶಿಕ್ಷಣದ ಯೋಜನೆ, ಅಂದರೆ ‘ಐಇಪಿ’, ಇದ್ದರೆ ಅದೂ.

ವೀಸಾ ಬಗ್ಗೆ ಹೆದರುವವರಿಗೆ ಒಂದು ಮಾತು. ಎಚ್-4 ಇರಲಿ, ಗ್ರೀನ್ ಕಾರ್ಡ್ ಇರಲಿ, ಸರ್ಕಾರಿ ಶಾಲೆ ಅದನ್ನು ಕೇಳುವ ಹಾಗಿಲ್ಲ. ವಲಸೆಯ ಸ್ಥಿತಿ ನೋಡಿ ಮಕ್ಕಳಿಗೆ ಶಾಲೆ ನಿರಾಕರಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಸೋಷಿಯಲ್ ಸೆಕ್ಯುರಿಟಿ ನಂಬರೂ ಬೇಕಾಗಿಲ್ಲ.

ಇನ್ನು ಕಾರಣದ ಪತ್ರ. ಒಂದು ಪುಟ ಸಾಕು. ಇಂಗ್ಲಿಷಿನಲ್ಲಿ ಬರೆಯಿರಿ, ತಿರುಳು ಹೀಗಿರಲಿ:

‘ನಮ್ಮ ಮಗಳು ನಿಮ್ಮ ಡಿಸ್ಟ್ರಿಕ್ಟಿನಲ್ಲಿ 8ನೇ ತರಗತಿ ಓದುತ್ತಿದ್ದಾಳೆ. ಅವಳ ಅಣ್ಣ ಆ ಹೈಸ್ಕೂಲಿನ 11ನೇ ತರಗತಿಯಲ್ಲಿದ್ದಾನೆ. ನನ್ನ ಆಫೀಸು ಆ ಶಾಲೆಯ ಹತ್ತಿರವೇ ಇದೆ, ಇಬ್ಬರನ್ನೂ ನಾನೇ ಬಿಡುತ್ತೇನೆ. ನನ್ನ ಪತಿ ಬೆಳಗ್ಗೆ 6ಕ್ಕೇ ಕೆಲಸಕ್ಕೆ ಹೋಗುವುದರಿಂದ ಎರಡು ಊರಿನ ಎರಡು ಶಾಲೆಗೆ ಬಿಡುವುದು ನಮ್ಮಿಂದಾಗದು. ಅಣ್ಣನ ಹಾಜರಿ ಪತ್ರ, ನನ್ನ ಕಂಪನಿಯ ಪತ್ರ ಲಗತ್ತಿಸಿದ್ದೇನೆ.’

ನೋಡಿ, ಗೋಳು ಇಲ್ಲ, ಹೊಗಳಿಕೆ ಇಲ್ಲ. ಪ್ರತಿ ವಾಕ್ಯಕ್ಕೂ ಒಂದು ಕಾಗದ ಸಾಕ್ಷಿ ಇದೆ.

ಶಾಲೆಯಲ್ಲಿ ಬೇರೆ ಮಕ್ಕಳ ಕಾಟದಿಂದ ಹೋಗುತ್ತಿದ್ದರೆ ದಾರಿ ಸ್ವಲ್ಪ ಬೇರೆ. ಹಾಗೆ ಹಿಂಸೆಗೆ ಒಳಗಾದ ಮಗು ಎಂದು ಡಿಸ್ಟ್ರಿಕ್ಟು ಒಪ್ಪಿದರೆ ಪರ್ಮಿಟ್ಟಿಗೆ ಆದ್ಯತೆ ಕೊಡಬೇಕು ಎಂದು ಕಾನೂನಿದೆ. ಆದರೆ ಅವರು ಒಪ್ಪಬೇಕಾದರೆ ಬರವಣಿಗೆ ಬೇಕು. ನಮ್ಮವರು ಪ್ರಿನ್ಸಿಪಾಲರ ಹತ್ತಿರ ಹೋಗಿ ಬಾಯಲ್ಲಿ ಹೇಳಿ, ‘ನೋಡ್ತೀವಿ’ ಅಂದಿದ್ದಕ್ಕೆ ಸುಮ್ನೆ ವಾಪಸ್ ಬರುತ್ತಾರೆ. ಹಾಗೆ ಮಾಡಬೇಡಿ. ಏನಾಯಿತು, ಯಾವ ದಿನ, ಯಾರು ನೋಡಿದರು, ಎಲ್ಲವನ್ನೂ ಇಮೇಲಿನಲ್ಲಿ ಬರೆದು ಶಾಲೆಗೆ ಅಧಿಕೃತ ದೂರು ಕೊಡಿ. ಆರು ತಿಂಗಳ ಇಮೇಲುಗಳ ಕಂತೆ ಇದ್ದರೆ ಅರ್ಜಿಗೆ ಬಲ.

ಅರ್ಜಿ ಹಾಕಿದ ಮೇಲೆ

ಸಾಮಾನ್ಯವಾಗಿ ಮೊದಲು ನಿಮ್ಮ ಡಿಸ್ಟ್ರಿಕ್ಟಿಗೆ ಅರ್ಜಿ. ಅವರು ರಿಲೀಸ್ ಕೊಟ್ಟ ಮೇಲೆ ಅದು ಆ ಕಡೆ ಹೋಗುತ್ತದೆ. ಕೆಲವು ಕಡೆ ಡಿಸ್ಟ್ರಿಕ್ಟೇ ಕಳಿಸುತ್ತದೆ, ಕೆಲವು ಕಡೆ ನೀವೇ ಒಯ್ಯಬೇಕು. ಯಾವುದು ಎಂದು ಮೊದಲ ದಿನವೇ ಕೇಳಿ.

ನಾನು ಇಲ್ಲೇ ಎಡವಿದ್ದು. ಮೊದಲ ಸಲ ರಿಲೀಸ್ ಸಿಗಲಿಲ್ಲ ಎಂದೆನಲ್ಲ, ಆ ಪತ್ರಕ್ಕೂ ಮುಂಚೆ ಅವರು ಇನ್ನೊಂದು ದಾಖಲೆ ಕೇಳಿ ಇಮೇಲ್ ಕಳಿಸಿದ್ದರು. ಅದು ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿತ್ತು. ಹಾಜರಿ ಪಟ್ಟಿ ಬೇಕಿತ್ತಂತೆ, ಎರಡು ನಿಮಿಷದ ಕೆಲಸ. ಗಡುವಿನೊಳಗೆ ಪೋಷಕರು ಸ್ಪಂದಿಸದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ ಎಂದು ತೀರ್ಮಾನಿಸುವ ಅಧಿಕಾರ ಅವರಿಗಿದೆ. ನಮ್ಮದನ್ನು ಹಾಗೆ ಮಾಡಲಿಲ್ಲ, ಇದ್ದಷ್ಟರ ಮೇಲೆ ‘ಇಲ್ಲ’ ಅಂದರು. ತಪ್ಪು ನನ್ನದೇ. ಈಗ ಯಾರು ಕೇಳಿದರೂ ಹೇಳುವುದು ಒಂದೇ: ವಾರಕ್ಕೊಮ್ಮೆ ಸ್ಪ್ಯಾಮ್ ನೋಡಿ, ಎರಡು ವಾರಕ್ಕೊಮ್ಮೆ ಫೋನ್ ಮಾಡಿ, ಮಾತಾಡಿದವರ ಹೆಸರು, ದಿನಾಂಕ ಬರೆದಿಡಿ.

‘ಇಲ್ಲ’ ಅಂದರೆ

ಪತ್ರದ ಮೇಲಿನ ದಿನಾಂಕ ನೋಡಿ. ಅಲ್ಲಿಂದ 30 ದಿನ. ಅಷ್ಟರೊಳಗೆ ಕೌಂಟಿ ಬೋರ್ಡ್ ಆಫ್ ಎಜುಕೇಷನ್‌ಗೆ, ಅಂದರೆ ನಮ್ಮ ಕಡೆಯ ಜಿಲ್ಲೆಯಂಥ ಕೌಂಟಿಯ ಶಿಕ್ಷಣ ಮಂಡಳಿಗೆ, ಅಪೀಲು ಹಾಕಬಹುದು. ಶನಿವಾರ, ಭಾನುವಾರವೂ ಲೆಕ್ಕಕ್ಕೆ ಬರುತ್ತದೆ. ಡಿಸ್ಟ್ರಿಕ್ಟಿನೊಳಗೇ ಮೊದಲು ಅಪೀಲು ಇದ್ದರೆ ಅದನ್ನು ಮುಗಿಸಬೇಕಾಗುತ್ತದೆ, ಹಾಗಾಗಿ ಮೊದಲ ವಾರದಲ್ಲೇ ಶುರುಮಾಡಿ. ಕೌಂಟಿ ಬೋರ್ಡಿಗೆ ತೀರ್ಪು ಕೊಡಲು 30 ದಿನ, ದೊಡ್ಡ ಕೌಂಟಿಗಳಿಗೆ ಇನ್ನೂ ಸ್ವಲ್ಪ ಜಾಸ್ತಿ. ಒಳಗಿನ ವರ್ಗಾವಣೆಯ ನಿರಾಕರಣೆ ಮಾತ್ರ ಅಲ್ಲಿಗೆ ಹೋಗುವುದಿಲ್ಲ.

ವಿಚಾರಣೆ ಅಂದರೆ ಕೋರ್ಟಲ್ಲ. ಒಂದು ಮೇಜು, ಬೋರ್ಡಿನ ಸದಸ್ಯರು, ಆ ಕಡೆ ಡಿಸ್ಟ್ರಿಕ್ಟಿನವರು, ಈ ಕಡೆ ನೀವು. ವಕೀಲರು ಬೇಕಾಗಿಲ್ಲ. ನಿಮಗೆ ಸಿಗುವುದು ಕೆಲವೇ ನಿಮಿಷ. ಪತ್ರದಲ್ಲಿ ಬರೆದದ್ದನ್ನೇ ಓದಬೇಡಿ. ಡಿಸ್ಟ್ರಿಕ್ಟು ಯಾವ ಕಾರಣ ಕೊಟ್ಟು ನಿರಾಕರಿಸಿತೋ ಅದಕ್ಕೆ ಮಾತ್ರ ಉತ್ತರ ಕೊಡಿ. ‘ಜಾಗ ಇಲ್ಲ’ ಅಂದಿದ್ದರೆ ಜಾಗದ ಬಗ್ಗೆ ಮಾತಾಡಿ, ನಿಮ್ಮ ಮಗಳ ಭರತನಾಟ್ಯದ ಬಗ್ಗೆ ಅಲ್ಲ. ಬೋರ್ಡು ಒಪ್ಪಿದರೆ ಡಿಸ್ಟ್ರಿಕ್ಟು ತಡ ಮಾಡದೆ ಸೇರಿಸಿಕೊಳ್ಳಬೇಕು. ತೀರ್ಪು ಬರುವವರೆಗೆ, ಡಿಸ್ಟ್ರಿಕ್ಟು ಒಪ್ಪಿದರೆ, ಎರಡು ತಿಂಗಳವರೆಗೆ ಮಗುವನ್ನು ತಾತ್ಕಾಲಿಕವಾಗಿ ಸೇರಿಸಿಕೊಳ್ಳಲು ಅವಕಾಶವಿದೆ. ಕೇಳಿ ನೋಡಿ.

ವಿಳಾಸದ ಆಟ ಬೇಡ

ಬೆಂಗಳೂರಿನಲ್ಲಿ ಅಡ್ಮಿಷನ್‌ಗೋಸ್ಕರ ಚಿಕ್ಕಪ್ಪನ ಮನೆ ವಿಳಾಸ ಕೊಟ್ಟವರನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ವಾಸದ ಘೋಷಣೆಗೆ ಸಹಿ ಹಾಕಿಸುವುದು ಸುಳ್ಳು ಸಾಕ್ಷಿಯ ಶಿಕ್ಷೆಯ ಎಚ್ಚರಿಕೆಯ ಕೆಳಗೆ. ಅನುಮಾನ ಬಂದರೆ ಡಿಸ್ಟ್ರಿಕ್ಟು ತನಿಖೆ ಮಾಡುತ್ತದೆ, ಸಿಕ್ಕಿಬಿದ್ದರೆ ಮಗು ವರ್ಷದ ನಡುವೆ ಶಾಲೆ ಬಿಡಬೇಕಾಗುತ್ತದೆ. ವೀಸಾದ ಮೇಲಿರುವವರು ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆಯಲೇಬಾರದು. ಮಗು ನಿಜವಾಗಿಯೂ ಅಜ್ಜಿಯ ಜೊತೆಯೋ ದೊಡ್ಡಮ್ಮನ ಜೊತೆಯೋ ವಾಸವಾಗಿದ್ದರೆ ಅದಕ್ಕೆ ‘ಕೇರ್‌ಗಿವರ್ ಅಫಿಡವಿಟ್’ ಎಂಬ ನೇರ ದಾರಿಯೇ ಇದೆ. ರಾತ್ರಿ ಮಲಗುವುದು ಅಲ್ಲೇ ಆಗಿರಬೇಕು, ಅಷ್ಟೇ.

‘ಹೂಂ’ ಅಂದ ಮೇಲೆ

ಹೊಸ ಶಾಲೆಯ ನೋಂದಣಿ ಮುಗಿದ ಮೇಲೆಯೇ ಹಳೆಯದನ್ನು ಬಿಡಿ. ಟ್ರಾನ್ಸ್‌ಕ್ರಿಪ್ಟನ್ನು ಹೊಸ ಕೌನ್ಸೆಲರ ಮುಂದಿಟ್ಟು ಪ್ರತಿ ಕೋರ್ಸಿನ ಕ್ರೆಡಿಟ್ ಬಂದಿದೆಯಾ ನೋಡಿ. 10 ಮತ್ತು 11ನೇ ತರಗತಿಯ ಗ್ರೇಡುಗಳೇ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಜಿಪಿಎ (ಸರಾಸರಿ ಗ್ರೇಡು) ಲೆಕ್ಕಕ್ಕೆ ಹೋಗುವುದು. ಆದ್ದರಿಂದ ಬದಲಾಯಿಸುವುದಾದರೆ 9ರ ಶುರುವಿನಲ್ಲೇ ಒಳ್ಳೆಯದು. ಊರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಮಕ್ಕಳಿದ್ದರೆ ಮಾರ್ಕ್ಸ್ ಕಾರ್ಡಿನ ಜೊತೆ ಪ್ರತಿ ವಿಷಯದಲ್ಲಿ ಏನು ಓದಿದರು ಎಂಬ ಪಟ್ಟಿಯೂ ಇರಲಿ. ಕ್ರೆಡಿಟ್ ಕೊಡಿಸಲು ಅದು ಬೇಕಾಗುತ್ತದೆ.

ಲಸಿಕೆಯಲ್ಲಿ ವಿನಾಯಿತಿ ಕಡಿಮೆ. ‘ನಮಗೆ ನಂಬಿಕೆ ಇಲ್ಲ’ ಎಂದು ತಪ್ಪಿಸಿಕೊಳ್ಳುವ ಅವಕಾಶವನ್ನು ಕ್ಯಾಲಿಫೋರ್ನಿಯಾ 2015ರ ಕಾನೂನಿನಲ್ಲೇ ತೆಗೆದುಹಾಕಿದೆ. ಕೆಲವು ಕೌಂಟಿಗಳು ಕ್ಷಯದ ತಪಾಸಣೆಯನ್ನೂ ಕೇಳುತ್ತವೆ. ಊರಿನಲ್ಲಿ ಬಿಸಿಜಿ ಹಾಕಿಸಿಕೊಂಡ ಮಕ್ಕಳಿಗೆ ಚರ್ಮದ ಪರೀಕ್ಷೆ ಸುಮ್ನೆ ಪಾಸಿಟಿವ್ ತೋರಿಸಬಹುದು. ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ.

ಆಟ ಆಡುವ ಮಕ್ಕಳಿಗೆ ಇದು ದೊಡ್ಡ ವಿಷಯ. ಮನೆ ಬದಲಾಯಿಸದೆ 9ನೇ ತರಗತಿ ಸೇರಿದ ಮೇಲೆ ಶಾಲೆ ಬದಲಾಯಿಸಿದರೆ, ಹಿಂದಿನ 12 ತಿಂಗಳಲ್ಲಿ ಆಡಿದ ಆಟದ ವಾರ್ಸಿಟಿ (ಶಾಲೆಯ ಮುಖ್ಯ) ತಂಡದಲ್ಲಿ ಆಡಲು ರಾಜ್ಯದ ಕ್ರೀಡಾ ಒಕ್ಕೂಟ ಸಿಐಎಫ್ ನಿರ್ಬಂಧ ಹಾಕುತ್ತದೆ. ನಮ್ಮ ಗೆಳೆಯರ ಮಗ ಒಳ್ಳೆಯ ಬ್ಯಾಡ್ಮಿಂಟನ್ ಆಟಗಾರ. 10ರಲ್ಲಿ ಶಾಲೆ ಬದಲಾಯಿಸಿ ಅರ್ಧ ಸೀಸನ್ ಬೆಂಚಿನ ಮೇಲೆ ಕೂತ. ಮೊದಲೇ ಹೊಸ ಶಾಲೆಯ ಅಥ್ಲೆಟಿಕ್ ಡೈರೆಕ್ಟರನ್ನು ಕೇಳಿದ್ದಿದ್ದರೆ ಅವನಿಗಾದರೂ ಮನಸ್ಸು ಸಿದ್ಧವಾಗಿರುತ್ತಿತ್ತು.

ಸಾಮಾನ್ಯವಾಗಿ ಬಸ್ಸು ಕೊಡುವುದಿಲ್ಲ. ಬಿಡುವುದು, ಕರೆತರುವುದು ನಿಮ್ಮದೇ ಪಾಡು. ಒಂದು ಸಮಾಧಾನ ಅಂದರೆ 2022ರ ಜುಲೈಯಿಂದ ರಾಜ್ಯದ ಹೆಚ್ಚಿನ ಹೈಸ್ಕೂಲುಗಳು ಬೆಳಗ್ಗೆ 8:30ಕ್ಕೆ ಮುಂಚೆ ಶುರುವಾಗುವ ಹಾಗಿಲ್ಲ. ಕೆಟ್ಟ ಸುದ್ದಿ ಅಂದರೆ 880, 101 ಹೆದ್ದಾರಿಗಳಲ್ಲಿ ಆ ಹೊತ್ತಿಗೇ ಟ್ರಾಫಿಕ್ ಜಾಸ್ತಿ. ಅರ್ಜಿ ಹಾಕುವ ಮುಂಚೆ ಒಂದು ಮಂಗಳವಾರ ಬೆಳಗ್ಗೆ ಮನೆಯಿಂದ ಆ ಶಾಲೆಯವರೆಗೆ ಗಾಡಿ ಓಡಿಸಿ ನೋಡಿ. ಪದೇ ಪದೇ ತಡವಾಗಿ ಹೋದರೆ, ಹಾಜರಿ ಕಡಿಮೆಯಾದರೆ ಪರ್ಮಿಟ್ ರದ್ದಾಗಬಹುದು. ಯಾವ ಯಾವ ಕಾರಣಕ್ಕೆ ರದ್ದು ಮಾಡುತ್ತಾರೆ ಎಂಬುದು ಪರ್ಮಿಟ್ಟಿನ ಷರತ್ತುಗಳಲ್ಲೇ ಇರುತ್ತದೆ. ವರ್ಷಕ್ಕೊಮ್ಮೆ ನವೀಕರಿಸಬೇಕೇ ಎಂಬುದನ್ನೂ ಅಲ್ಲೇ ನೋಡಿ.

10ನೇ ತರಗತಿ ಮುಗಿದ ಜೂನ್ 30 ದಾಟಿದರೆ ಮಾತ್ರ ಸ್ವಲ್ಪ ನಿರಾಳ. 11, 12ಕ್ಕೆ ಹೋಗುವ ಮಗುವಿನ ಪರ್ಮಿಟ್ಟನ್ನು ಎರಡೂ ಡಿಸ್ಟ್ರಿಕ್ಟುಗಳು ಹಿಂತೆಗೆದುಕೊಳ್ಳುವ ಹಾಗಿಲ್ಲ ಎಂದು ಕಾನೂನು ಹೇಳುತ್ತದೆ. ನಮ್ಮ ಮಗಳ ಪರ್ಮಿಟ್ಟಿನ ಪ್ರತಿ ಆವತ್ತಿನವರೆಗೂ ಫ್ರಿಜ್ ಬಾಗಿಲ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲಿ ಅಂಟಿಕೊಂಡಿತ್ತು.